ಒಂದೇ ಉಸಿರಿನ ಗೆರೆ

ದಮನ್‌ಹೂರ್,
26 ಅಕ್ಟೋಬರ್ 2009

ಪ್ರೀತಿಯ ಅಳಿಯ ನಾಜಿಗೆ,

ನಾನು ಚೆನ್ನಾಗಿದ್ದೇನೆ. ನಾನು ಚೆನ್ನಾಗಿದ್ದರೆ ಊರೂ ಚೆನ್ನಾಗಿದೆ ಅಂತಲೇ ಲೆಕ್ಕ. ನೀನು ಆ ಮರಳುಗಾಡಿನ ಗಡಿಯಲ್ಲಿ ಚೇಳಿಗೆ ಸಲಾಮು ಹೊಡೆಯುತ್ತಿದ್ದೀಯೋ, ಚೇಳೇ ನಿನಗೆ ಹೊಡೆಯುತ್ತಿದೆಯೋ ಬರೆ. ಸೇನೆಯವರು ಫೋನು ಕಿತ್ತುಕೊಂಡರು ಅಂತ ನಿನ್ನಮ್ಮ ದಿನಾ ಅಳುತ್ತಾಳೆ. ನಾನಂದೆ, “ಅಕ್ಕಾ, ಅಳಬೇಡ. ಈಗಿನ ಹುಡುಗರಿಗೆ ಕಾಗದ ಬರೆಯೋದು ಕಲಿಸೋಕೆ ಸರ್ಕಾರ ಒಂದು ವರ್ಷ ತಗೊಂಡಿದೆ, ಅಷ್ಟೇ.”

ಇದನ್ನು ಬರೆಯುತ್ತಿರುವ ಕೈ ನಿನ್ನ ಅತ್ತೆ ಇಹ್ಸಾನಳದು, ಹೇಳುತ್ತಿರುವ ಬಾಯಿ ನನ್ನದು. ನನ್ನ ಕೈ ಬಹೈರಾ ಪ್ರಾಂತ್ಯದ ಆಸ್ತಿ. ಅದನ್ನು ಮನೆಯ ಕಾಗದಕ್ಕೆಲ್ಲ ಸವೆಸಬಾರದು. (ಆ ಆಸ್ತಿ ಬೆಳಗಿನಿಂದ ಡಾಮಿನೋ ಆಡುತ್ತಿದೆ. — ಅತ್ತೆ)

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೋಗುವ ಮುಂಚೆ ನಮ್ಮ ಬ್ಯಾನರ್ ಅಂಗಡಿಯಲ್ಲಿ ಕೂರಿಸಿದ ಕಂಪ್ಯೂಟರು ಇದೆಯಲ್ಲ, ಹೊಟ್ಟೆ ದಪ್ಪಗಿರುವ ಪೆಂಗ್ವಿನ್ ಹಕ್ಕಿಯ ಚಿತ್ರ ಅಂಟಿಸಿ “ಮಾವ, ಇದು ಬೀದಿಯವರೆಲ್ಲ ಹಾಕ್ಕೊಂಡಿರೋ ಕದ್ದ ತಂತ್ರಾಂಶ ಅಲ್ಲ, ಇದು ಬೀಳೋದೇ ಇಲ್ಲ” ಅಂದೆಯಲ್ಲ, ಅದು ಬಿತ್ತು. ಮೇಜಿನಿಂದ ಬಿದ್ದಿದ್ದರೆ ಎತ್ತಿಡುತ್ತಿದ್ದೆ. ಕೂತಲ್ಲೇ ಬಿತ್ತು. ಪರದೆಯ ಮೇಲಿದ್ದದ್ದು ಹಾಗೇ ಕಲ್ಲಾಯಿತು. ಬಾಣದ ಗುರುತು ಅಲುಗಲಿಲ್ಲ. ಕೀಲಿಮಣೆಯ ಮೇಲೆ ಎರಡು ದೀಪ ಮಾತ್ರ ಮಿಣಕ್ ಮಿಣಕ್ ಅಂತ ನನಗೆ ಕಣ್ಣು ಹೊಡೆದವು, ಈ ವಯಸ್ಸಿನಲ್ಲಿ! ವೈರು ಕಿತ್ತು ಮತ್ತೆ ಚುಚ್ಚಿದ ಮೇಲೆ ಎದ್ದಿತು. ವಾರದೊಳಗೆ ಮತ್ತೆ ಬಿತ್ತು.

ಚಿತ್ರ ಬರೆಯುವ ಆ ತಂತ್ರಾಂಶ ತೆರೆದಿದ್ದಾಗಲೇ ಬೀಳುತ್ತದೆ. ನೀನು ಕಲಿಸಿ ಕೂರಿಸಿದ ನಗ್ಲಾ ತನಗೇನೂ ಗೊತ್ತಿಲ್ಲ ಅನ್ನುತ್ತಾಳೆ. ನನಗೆ ಹೇಗೆ ಗೊತ್ತಿರಬೇಕು? ನೀವು ಮೌಸು ಅನ್ನುವ ಆ ಇಲಿಮರಿಯನ್ನು ನಾನು ಮುಟ್ಟಿದವನಲ್ಲ, ಮುಟ್ಟುವವನೂ ಅಲ್ಲ. ಹಳ್ಳಿ ಮಸೀದಿಯ ಜಗಲಿಯಲ್ಲಿ ತಗಡಿನ ಹಲಗೆಯ ಮೇಲೆ ಕಲಿತವನು ನಾನು. ಕಾಗದದ ಮೇಲೆ ಕಲಮಿನಲ್ಲಿ ಬರೆಯುತ್ತೇನೆ, ಅವಳು ಸ್ಕ್ಯಾನ್ ಮಾಡಿ ಒಳಗೆ ಹಾಕುತ್ತಾಳೆ. ಬೇರೆ ಅಂಗಡಿಯವರು ಕಂಪ್ಯೂಟರ್ ಕೊಟ್ಟ ಸಿದ್ಧ ಅಕ್ಷರ ಅಂಟಿಸುತ್ತಾರೆ. ಜನ ನಮ್ಮಲ್ಲಿಗೆ ಬರುವುದು ಬಿಸ್ಮಿಲ್ಲಾದಲ್ಲಿ ನಾನು ಎಳೆಯುವ ಸೀನ್ ಅಕ್ಷರಕ್ಕೆ. ಅದರ ಮೂರು ಹಲ್ಲನ್ನೂ ಕಿತ್ತು, ಕಲಮು ಎತ್ತದೆ, ಒಂದೇ ಉಸಿರಿನಲ್ಲಿ ಉದ್ದಕ್ಕೆ ಎಳೆಯುವ ಗೆರೆ. ಈ ಪ್ರಾಂತ್ಯದಲ್ಲಿ ಅದನ್ನು ಎಳೆಯಬಲ್ಲವರು ಇಬ್ಬರೇ. ಇನ್ನೊಬ್ಬ ತೀರಿಕೊಂಡ.

ಔಷಧಿ ಹೇಳು.

ಕಲಮಿನ ದೊರೆ, ಬೀದಿಯ ಬೆಳಕು,
ನಿನ್ನ ಮಾವ ಮಹ್ರೂಸ್


ಪಶ್ಚಿಮ ಗಡಿ ಠಾಣೆ,
7 ನವೆಂಬರ್ 2009

ಮಾವ,

ಸಲಾಂ. ಅತ್ತೆಗೂ ಸಲಾಂ. ಚೇಳು ಇನ್ನೂ ಹೊಡೆದಿಲ್ಲ. ಸಾರ್ಜೆಂಟ್ ಆ ಕೊರತೆ ಇಟ್ಟಿಲ್ಲ.

ಚಿತ್ರದ ತಂತ್ರಾಂಶ ಕೆಟ್ಟಿದ್ದರೆ ಅದೊಂದೇ ಮುಚ್ಚಿಕೊಂಡು ಉಳಿದದ್ದು ನಡೆಯಬೇಕಿತ್ತು. ಎರಡು ದೀಪ ಮಿಣುಕಿದವು ಅಂದರೆ ಬಿದ್ದದ್ದು ಕರ್ನಲ್, ಯಂತ್ರದ ತಿರುಳು. ರೊಟ್ಟಿ ಭಟ್ಟಿಯಲ್ಲಿ ತಟ್ಟೆ ಹೊರುವವನು ಎಡವಿದರೆ ರೊಟ್ಟಿ ಬೀಳುತ್ತದೆ. ಇಲ್ಲಿ ಭಟ್ಟಿಯೇ ಕುಸಿಯುತ್ತಿದೆ. ತಟ್ಟೆಯವನು ಎಡವಿದ್ದಕ್ಕೆ ಭಟ್ಟಿ ಹೇಗೆ ಕುಸಿಯಿತು ಅನ್ನುವುದನ್ನು ಹುಡುಕಬೇಕು.

ಎರಡು ಕೆಲಸ ಮಾಡಿಸಿ. ಒಂದು, ಯಂತ್ರ ಶುರುವಾಗುವಾಗ ಬರುವ ಪಟ್ಟಿಯಲ್ಲಿ ಕೊನೆಯ ಸಾಲನ್ನು ನಗ್ಲಾಗೆ ಆರಿಸಲು ಹೇಳಿ. ಅದು ಯಂತ್ರದ ನೆನಪಿನ, ಅಂದರೆ ಮೆಮೊರಿಯ ಚಿಪ್ಪುಗಳನ್ನು ಪರೀಕ್ಷಿಸುತ್ತದೆ. ಕೆಂಪು ಸಾಲು ಬಂದರೆ ಚಿಪ್ಪು ಕೆಟ್ಟಿದೆ. ಎರಡನೆಯದು ಇದಕ್ಕಿಂತ ಮುಖ್ಯ. ಬೀಳುವ ಮುಂಚಿನ ಗಳಿಗೆಯಲ್ಲಿ ಪರದೆಯ ಮೇಲೆ ಏನು ನಡೆಯುತ್ತಿತ್ತು? ಯಾವ ಅಕ್ಷರ, ಎಷ್ಟು ದೊಡ್ಡದು, ಅದಕ್ಕೆ ಏನು ಮಾಡುತ್ತಿದ್ದರು? ಸಣ್ಣದು ಅಂತ ಏನನ್ನೂ ಬಿಡಬೇಡಿ. ಇಲ್ಲಿಂದ ನನಗೆ ಪರದೆ ಕಾಣುವುದಿಲ್ಲ, ನಿಮ್ಮ ಮಾತೇ ನನ್ನ ಕಣ್ಣು.

ನಗ್ಲಾ ಹೇಗಿದ್ದಾಳೆ? ಕೆಲಸದ ಮಟ್ಟಿಗೆ ಕೇಳಿದೆ.

ನಿಮ್ಮ,
ನಾಜಿ


ದಮನ್‌ಹೂರ್,
19 ನವೆಂಬರ್ 2009

ಕೆಲಸದ ಮಟ್ಟಿಗೆ ಕೇಳುವ ಅಳಿಯನಿಗೆ,

ಕೆಲಸದ ಮಟ್ಟಿಗೆ ಅವಳು ಚೆನ್ನಾಗಿದ್ದಾಳೆ. ಹೊಸ ನೀಲಿ ತಲೆವಸ್ತ್ರ ತೆಗೆದುಕೊಂಡಿದ್ದಾಳೆ, ಅದೂ ಕೆಲಸದ ಮಟ್ಟಿಗೇ ಇರಬೇಕು. ನೀನು ಸೇವೆ ಮುಗಿಸಿ ಬಾ, ಬಕ್ಲಾವಾ ಸಿಹಿಯ ಪೊಟ್ಟಣ ಹಿಡಿದು ಅವರ ಮನೆ ಮೆಟ್ಟಿಲು ಹತ್ತುವವನು ನಾನೇ. ನಾನು ಹೋಗಿ ಕೇಳಿದ ಹೆಣ್ಣನ್ನು ಇಲ್ಲ ಅಂದ ಮನೆ ಈ ಊರಲ್ಲಿಲ್ಲ. (ಎಲ್ಲೂ ಹೋಗಿ ಕೇಳಿದ್ದೇ ಇಲ್ಲ. — ಅತ್ತೆ)

ನೆನಪಿನ ಪರೀಕ್ಷೆ ಮಾಡಿಸಿದೆ. ನಗ್ಲಾ ಒತ್ತಿದಳು, ನಾನು ಎದುರಿಗೆ ಕೂತು ಸಂಜೆವರೆಗೆ ಕಾದೆ. ಕೆಂಪು ಸಾಲು ಒಂದೂ ಬರಲಿಲ್ಲ. ನನ್ನ ನೆನಪಿಗಿಂತ ಅದರದು ಗಟ್ಟಿ.

ಇನ್ನು ಪರದೆಯ ಮೇಲೆ ಏನು ನಡೆಯುತ್ತಿತ್ತು ಅಂತ ಕೇಳಿದ್ದೀಯ. ಬ್ಯಾನರಿನ ತಲೆಯಲ್ಲಿ ಬರುತ್ತದಲ್ಲ ಬಿಸ್ಮಿಲ್ಲಾ, ಅದು ಇದ್ದಾಗ ಬೀಳುತ್ತದೆ. ಅದಕ್ಕಿಂತ ಹೆಚ್ಚು ನನಗೆ ತಿಳಿಯದು. ನಾನು ಹತ್ತಿರ ನಿಂತು ನೋಡುವವನಲ್ಲ.

ಈ ಬಿಸ್ಮಿಲ್ಲಾ ವಿಷಯ ಚಹಾದಂಗಡಿಗೆ ಹೇಗೆ ಮುಟ್ಟಿತೋ! ಬೀದಿಯ ಆ ತುದಿಯಲ್ಲಿ ಮುದ್ರಣದಂಗಡಿ ಇಟ್ಟಿರುವ ಬದವಿ, ನನ್ನ ಜೊತೆಯಲ್ಲೇ ಕಲಮು ಹಿಡಿದವನು, ಹುಕ್ಕಾ ಕೊಳವೆ ಬಾಯಿಂದ ತೆಗೆದು ಎಲ್ಲರ ಎದುರಿಗೆ ಅಂದ:

“ಏನಯ್ಯಾ ಮಹ್ರೂಸ್, ನಿನ್ನ ಯಂತ್ರ ದೇವರ ಹೆಸರು ಬಂದ ಕೂಡ್ಲೇ ಮೂರ್ಛೆ ಹೋಗ್ತದಂತೆ? ಒಳಗೆ ಯಾರು ಹೊಕ್ಕಿದ್ದಾರೆ ನೋಡಿಸೋ!”

“ಭಕ್ತಿ ಕಣಯ್ಯಾ ಅದು, ಮೈಮರೀತದೆ. ನಿನ್ನ ಯಂತ್ರಕ್ಕೆ ಅದೂ ಇಲ್ಲ, ನಿನಗೂ ಇಲ್ಲ.”

ಎಲ್ಲರೂ ನಕ್ಕರು. ಆದರೆ ಬದವಿ ಬಿಡುವವನಲ್ಲ. “ತಮಾಷೆ ಬಿಡು. ನಿನ್ನ ಕೈಬರಹ ಕಾಗದದ ಮೇಲೆ ಇರೋವರೆಗೂ ಚೆನ್ನಾಗೇ ಇರ್ತದೆ. ಒಳಗೆ ಹೋದ ಮೇಲೆ ಬೀಳ್ತದೆ ಅಂದ್ರೆ ಬೀಳಿಸೋರು ಯಾರು?”

“ಇಲಿ ಹಿಡಿಯೋನು ನಾನಲ್ಲಪ್ಪ” ಅಂದೆ. ಅಷ್ಟೇ ಅಂದದ್ದು.

ಹಬ್ಬ ಹತ್ತಿರ ಬಂತು. ಆಮೇಲೆ ಹಾಜಿಗಳು ಮಕ್ಕಾದಿಂದ ಹಿಂತಿರುಗುವ ಕಾಲ. ಬೀದಿಗೆ ಹತ್ತು ಸ್ವಾಗತದ ಬ್ಯಾನರು ಕಟ್ಟುತ್ತಾರೆ. ಬೇಗ ಬರೆ.

ನಿನ್ನ ಮಾವ,
ಸೀನ್ ಸುಲ್ತಾನ ಮಹ್ರೂಸ್


ಪಶ್ಚಿಮ ಗಡಿ ಠಾಣೆ,
28 ನವೆಂಬರ್ 2009

ಮಾವ,

ಹಬ್ಬದ ಶುಭಾಶಯ. ನಮ್ಮ ರಜೆ ರದ್ದಾಯಿತು.

ಚಿಪ್ಪು ಸರಿಯಿದೆ ಅಂದರೆ ಅನುಮಾನ ಡ್ರೈವರ್ ಮೇಲೆ. ತಂತ್ರಾಂಶ ಕೇಳಿದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಒಯ್ದು ಬರೆಸುವುದು ಅದೇ. ಅದು ಕೂರುವುದು ಕರ್ನಲ್ ಒಳಗೆ, ಆದ್ದರಿಂದ ಅದು ತಪ್ಪಿದರೆ ಭಟ್ಟಿಯೇ ಕುಸಿಯುತ್ತದೆ. ಈ ಚೀಟಿಯ ಹಿಂದೆ ಒಂದು ಕಡತದ ಹೆಸರು ಬರೆದಿದ್ದೇನೆ. ಅದರಲ್ಲಿ ಒಂದೇ ಒಂದು ಪದವನ್ನು ನಗ್ಲಾ ಬದಲಿಸಲಿ. ಆಗ ಯಂತ್ರ ಹಳೆಯ, ಸಾದಾ ಡ್ರೈವರ್‌ನಿಂದ ನಡೆಯುತ್ತದೆ. ಪರದೆ ಎಮ್ಮೆಯ ಹಾಗೆ ನಿಧಾನವಾಗುತ್ತದೆ, ಆದರೆ ಬೀಳಬಾರದು.

ಹಾಜಿಗಳ ಕಾಲ ಮುಗಿಯುವವರೆಗಾದರೂ ಆ ಪದವನ್ನು ಮತ್ತೆ ಮುಟ್ಟಬೇಡಿ. ಮತ್ತು ಮಾವ, ಬಿಸ್ಮಿಲ್ಲಾಗೆ ಅವಳು ಏನು ಮಾಡುತ್ತಿದ್ದಳು ಅಂತ ನೀವು ಇನ್ನೂ ಹೇಳಿಲ್ಲ.

ನಾಜಿ


ದಮನ್‌ಹೂರ್,
17 ಡಿಸೆಂಬರ್ 2009

ಅಳಿಯಾ,

ನಿನ್ನ ಪದ ಕೆಲಸ ಮಾಡಿತು. ಬದಲಿಸಿದ ಮೇಲೆ ಯಂತ್ರ ಒಂದು ಸಲವೂ ಬೀಳಲಿಲ್ಲ. ನನ್ನ ಅಳಿಯ ಮರಳುಗಾಡಿನಲ್ಲಿ ಕೂತು ದಮನ್‌ಹೂರಿನ ಯಂತ್ರ ರಿಪೇರಿ ಮಾಡಿದ ಅಂತ ಚಹಾದಂಗಡಿಯಲ್ಲಿ ಎರಡು ದಿನ ಹೇಳಿದೆ.

ಆಮೇಲೆ ಬಿತ್ತು.

ಹಾಜಿ ಅಬ್ದುಸ್ಸಮೀ ಮನೆಯವರ ಬ್ಯಾನರ್. ಬೀದಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಬರುವಂಥದು. ಮುದುಕ ಅವತ್ತೇ ಸಂಜೆ ಬಸ್ಸಿಳಿಯುವವನಿದ್ದ. ಮಗ ಬ್ಯಾನರ್ ಒಯ್ಯಲು ಬಂದಾಗ ದೀಪಗಳು ಮಿಣುಕುತ್ತಿವೆ, ಕೆಲಸವೆಲ್ಲ ಹೋಗಿದೆ. ನಗ್ಲಾ ಆಗತಾನೇ ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಿದ್ದಳು. ನೋಡಿದರೆ ಕಡತದ ಆ ಪದ ಮತ್ತೆ ಹಳೆಯದೇ ಆಗಿತ್ತು. ತಿರುಗಿಸಿದ್ದು ನಗ್ಲಾ, ಅವಳೇ ಒಪ್ಪಿಕೊಂಡಳು.

ಮಗ ಕೂಗಾಡಿದ. “ನಮ್ಮಪ್ಪ ಬರಿ ಗೋಡೆ ನೋಡ್ಕೊಂಡು ಮನೆಗೆ ಬರಬೇಕಾ? ಯಾರು ಬೀಳಿಸಿದ್ದು ಇದನ್ನ?” ಬಾಗಿಲಲ್ಲಿ ಜನ ಸೇರಿದರು. ಬದವಿಯೂ ಬಂದ. ನಾನು ನಗ್ಲಾ ಕಡೆ ನೋಡಿದೆ. ಸುಮ್ಮನೆ ನೋಡಿದೆ. ಆಮೇಲೆ ಬಾಯಿಂದ ಒಂದು ಮಾತು ಬಂತು: “ಏನ್ ಮಾಡ್ಲಪ್ಪ, ಈ ಹುಡುಗಿ ಕೈಗುಣವೇ ಹಾಗೆ.”

ಅವಳು ಅಂಗಡಿಯ ಕೀಲಿ ಮೇಜಿನ ಮೇಲಿಟ್ಟು ಹೋದಳು. ಮಾರನೆಯ ದಿನ ಬರುತ್ತಾಳೆ ಅಂದುಕೊಂಡೆ.

ಒಂದು ಸಣ್ಣ ಮಾತು ಅದು. ಅಂಗಡಿ ಅಂದ ಮೇಲೆ ಎಷ್ಟು ಮಾತು ಬಂದು ಹೋಗುತ್ತವೆ. ಬೀದಿಯವರೇ ಅದನ್ನು ಎಳೆದು ಉದ್ದ ಮಾಡಿದರು. “ಅವಳು ಕೂತರೆ ಯಂತ್ರ ಮಲಗುತ್ತದೆ” ಅಂತ ಈಗ ಮಾತು. ಸ್ಟೇಷನ್ ಬೀದಿಯ ಅಂಗಡಿಯವರೂ ಅವಳನ್ನು ಸೇರಿಸುತ್ತಿಲ್ಲವಂತೆ. ನಾನು ಹಾಗೆ ಮಾಡಿ ಅಂತ ಯಾರಿಗೂ ಹೇಳಿಲ್ಲ. (ಹುಡುಗಿಯ ತಾಯಿ ನನ್ನ ಸಲಾಮಿಗೆ ಮುಖ ತಿರುಗಿಸುತ್ತಾಳೆ, ನಾಜಿ. ಏನಾಯಿತು ಅಂತ ನಿನ್ನ ಮಾವನನ್ನು ಕೇಳಿದರೆ ಚಹಾ ಕೇಳುತ್ತಾನೆ. — ಅತ್ತೆ)

ನೀನು ಬೇಸರ ಮಾಡಿಕೊಳ್ಳಬೇಡ.

ಮಾವ ಮಹ್ರೂಸ್


ದಮನ್‌ಹೂರ್,
5 ಜನವರಿ 2010

ನಾಜಿ ಅವರಿಗೆ,

ನಿಮ್ಮ ಕಾಗದ ತಲುಪಿತು. “ಮುಟ್ಟಬೇಡ ಅಂದರೂ ಆ ಪದ ಏಕೆ ತಿರುಗಿಸಿದೆ, ನಾನು ಇಷ್ಟು ಕಲಿಸಿದ್ದು ಇದಕ್ಕೇನಾ” ಎಂದು ಕೇಳಿದ್ದೀರಿ.

ತಿರುಗಿಸಿದ ಕೈ ನನ್ನದೇ. ತಿರುಗಿಸು ಎಂದ ಬಾಯಿ ಯಾವುದು ಎಂದು ನೀವು ಕೇಳಲಿಲ್ಲ. ಅದನ್ನು ನಾನು ಹೇಳುವುದಿಲ್ಲ. ಹೇಳಬೇಕಾದವರು ಹೇಳಲಿ.

ಕೆಲಸ ಕೇಳಿಕೊಂಡು ಹೋದ ಒಂದು ಅಂಗಡಿಯಲ್ಲಿ ಒಳ್ಳೆಯ ಮನುಷ್ಯರೊಬ್ಬರು, “ಮೊದಲು ಯಾರಾದ್ರೂ ಮಸೀದಿ ಶೇಖ್ ಹತ್ರ ಹೋಗಿ ಕುರಾನ್ ಓದಿಸಿ ಊದಿಸ್ಕೊಂಡು ಬಾ ಮಗಳೇ, ಆಮೇಲೆ ನೋಡೋಣ” ಎಂದರು. ಕೋಪದಿಂದ ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಈಗ ಅಮ್ಮನ ಜೊತೆ ಕೂತು ಬದನೆ, ಎಳೆ ಸೋರೆಕಾಯಿಗಳ ತಿರುಳು ಕೊರೆದು, ಆಫೀಸಿಗೆ ಹೋಗುವ ಹೆಂಗಸರಿಗೆ ಮಾರುತ್ತಿದ್ದೇನೆ. ಅನ್ನ ತುಂಬುವ ಕೆಲಸ ಅವರದು.

ಯಂತ್ರ ಏಕೆ ಬೀಳುತ್ತದೆ ಎಂದು ನಿಮಗೆ ಗೊತ್ತಾಗುವವರೆಗೆ ನನಗೆ ಬರೆಯಬೇಡಿ.

ನಗ್ಲಾ


ದಮನ್‌ಹೂರ್,
11 ಜನವರಿ 2010

ಅಳಿಯಾ,

ನೀನು ಬರೆದು ತಿಂಗಳಾಯಿತು. ಗಡಿಯಲ್ಲಿ ಚಳಿ ಜೋರಂತೆ. ನಿನ್ನಮ್ಮ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದಾಳೆ. ಎರಡೂ ಎಡಗಾಲಿನದೇ ಅನ್ನಿಸುತ್ತದೆ, ಪ್ರೀತಿಯಿಂದ ಹಾಕಿಕೋ.

ಅಂಗಡಿ ನಡೆಯುತ್ತಿದೆ. ನಗ್ಲಾ ಹೋದ ಮೇಲೆ ಹೊಸಬರು ಯಾರನ್ನೂ ಇಟ್ಟಿಲ್ಲ. ಇಟ್ಟುಕೊಂಡರೆ ಮತ್ತೆ ಕಲಿಸಬೇಕು, ಅವರು ಮತ್ತೆ ನನ್ನ ಬೆನ್ನ ಹಿಂದೆ ನಿಂತು ನೋಡಬೇಕು. ಒಬ್ಬನೇ ಸಂಭಾಳಿಸುತ್ತಿದ್ದೇನೆ. ಗಿರಾಕಿಗಳು ಸ್ವಲ್ಪ ಕಡಿಮೆ, ಅದು ಚಳಿಗಾಲದ ದೆಸೆಯಿಂದ.

ಯಂತ್ರಕ್ಕೆ ಬುದ್ಧಿ ಬಂದಿಲ್ಲ. ನಿನ್ನೆ ಮತ್ತೆ ಬಿತ್ತು, ಬಿಸ್ಮಿಲ್ಲಾದ ಗೆರೆ ಅರ್ಧ ದಾಟಿದ ಹೊತ್ತಿಗೆ. ಎಂಥ ಗೆರೆ ಗೊತ್ತಾ, ಹಾವು ನೀರಿನಲ್ಲಿ ಹೋದ ಹಾಗೆ ಬರುತ್ತಿತ್ತು. ಕಣ್ಣೆದುರಿಗೇ ಹೋಯಿತು.

ಬೇರೆ ಏನಾದರೂ ಉಪಾಯ ಇದ್ದರೆ ಬರೆ. (ಅವನು ಹೇಳಿದ್ದಷ್ಟನ್ನೇ ಬರೆಯುತ್ತಿದ್ದೇನೆ, ನಾಜಿ. — ಅತ್ತೆ)

ಮಾವ ಮಹ್ರೂಸ್


ಪಶ್ಚಿಮ ಗಡಿ ಠಾಣೆ,
22 ಜನವರಿ 2010

ಮಾವ,

ನಗ್ಲಾ ಹೋಗಿದ್ದಾಳೆ. ಹೊಸಬರು ಯಾರೂ ಇಲ್ಲ. ನೀವು ಮೌಸು ಮುಟ್ಟಿದವರಲ್ಲ.

ಹಾಗಾದರೆ ಆ ಗೆರೆಯನ್ನು ಅರ್ಧ ದಾಟಿಸಿದವರು ಯಾರು?

ನಾಜಿ


ದಮನ್‌ಹೂರ್,
27 ಫೆಬ್ರವರಿ 2010

ನಾಜಿ,

ಈ ಸಲ ನಿನ್ನ ಅತ್ತೆ ಬರೆಯುತ್ತಿಲ್ಲ. ಅಕ್ಷರ ನೋಡಿದರೆ ನಿನಗೆ ತಿಳಿಯುತ್ತದೆ. ಕಾಗದ ಒದ್ದೆಯಾಗಿದ್ದಕ್ಕೆ ಹೀಗಾಗಿದೆ ಅಂದುಕೊಳ್ಳಬೇಡ, ಇಂಕೂ ಒಳ್ಳೆಯದೇ. ನನ್ನ ಕೈ ನಡುಗುತ್ತದೆ.

ನಿನ್ನ ಪ್ರಶ್ನೆ ಬಂದು ತಿಂಗಳಾಯಿತು. ಅದನ್ನು ಜುಬ್ಬಾ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಅತ್ತೆ ಒಗೆಯಲು ಕೇಳಿದರೂ ಆ ಜುಬ್ಬಾ ಬಿಚ್ಚಿ ಕೊಡಲಿಲ್ಲ.

ನಡುಕ ಶುರುವಾಗಿ ಎರಡು ವರ್ಷದ ಮೇಲಾಯಿತು. ಚಮಚ ಹಿಡಿದರೆ ಅಷ್ಟಿಲ್ಲ. ಕಲಮು ಹಿಡಿದು ಉಸಿರು ಕಟ್ಟಿದೆನೋ, ಬರುತ್ತದೆ. ಹಾಳಾದ ಕಾಗದವನ್ನೆಲ್ಲ ಬೇಯಿಸಿದ ಫೂಲ್ ಕಾಳು ಮಾರುವವನಿಗೆ ಪೊಟ್ಟಣ ಕಟ್ಟಲು ಕೊಟ್ಟೆ. ಚಹಾದಂಗಡಿಯಲ್ಲಿ ಮಾತ್ರ ದಿನಾ ಅದೇ ಮಾತು, ನನ್ನ ಕೈ, ನನ್ನ ಸೀನ್. ಕೈ ಕೆಟ್ಟಷ್ಟೂ ಬಾಯಿ ದೊಡ್ಡದಾಯಿತು.

ನಗ್ಲಾ ಹಿಂದೆ ನಿಂತು ನೋಡಿ ನೋಡಿ ಮೌಸು ಕಲಿತೆ. ಅವಳು ಮಧ್ಯಾಹ್ನ ಊಟಕ್ಕೆ ಹೋದ ಕೂಡಲೇ ಬಾಗಿಲು ಅರ್ಧ ಎಳೆದು ಕೂರುತ್ತಿದ್ದೆ. ಪರದೆಯ ಮೇಲಿನ ಚಿತ್ರವನ್ನು ಎಷ್ಟು ಹಿಗ್ಗಿಸಿದರೆ ನಡುಕ ಅಷ್ಟು ಸಣ್ಣದಾಗುತ್ತದೆ ಅಂತ ಕಂಡುಕೊಂಡೆ. ಕೊನೆಯವರೆಗೆ ಹಿಗ್ಗಿಸಿ ಸೀನ್ ಎಳೆಯುತ್ತಿದ್ದೆ. ಉಳಿದ ನಡುಕಕ್ಕೆ ಅಂಚಿನಲ್ಲಿ ಮಸುಕು ಹಾಕುತ್ತಿದ್ದೆ, ಶಾಯಿ ಹೀರಿದ ಹಾಗೆ ಕಾಣಲಿ ಅಂತ. ತುಂಡು ತುಂಡಾಗಿ ಎಳೆದು ಜೋಡಿಸಬಹುದಿತ್ತು, ನಗ್ಲಾ ಹಾಗೇ ಮಾಡುತ್ತಾಳೆ. ನನಗೆ ಮನಸ್ಸಾಗಲಿಲ್ಲ. ನಡುವೆ ಕಲಮು ಎತ್ತಿದ ಸೀನನ್ನು ನಮ್ಮ ಗುರು ‘ಹೊಲಿಗೆ’ ಅನ್ನುತ್ತಿದ್ದರು, ಕಾಗದ ಹರಿದು ಎಸೆಯುತ್ತಿದ್ದರು. ಮೌಸಿನಲ್ಲೂ ನಾನು ಬೆರಳು ಎತ್ತಲಿಲ್ಲ. ಕಳ್ಳತನದಲ್ಲೂ ನೇಮ ಬಿಡಲಿಲ್ಲ, ನೋಡು. ಹಾಗೆ ಎಳೆಯುವಾಗಲೇ ಅದು ಬೀಳುತ್ತಿತ್ತು. ಬಿದ್ದ ಪ್ರತಿ ಸಲವೂ.

ನಿನ್ನ ಸಾದಾ ಡ್ರೈವರ್ ಹಾಕಿದ ಮೇಲೆ ಗೆರೆ ನನ್ನ ಕೈ ಹಿಂದೆ ತಡವಾಗಿ ತೆವಳಿಕೊಂಡು ಬರುತ್ತಿತ್ತು, ಕೈ ತಪ್ಪುತ್ತಿತ್ತು. ಆ ಪದ ತಿರುಗಿಸು ಅಂದೆ. ನಗ್ಲಾ ಅಂದಳು, “ನಾಜಿ ಬೇಡ ಅಂದಿದ್ದಾರೆ ಉಸ್ತಾದ್.” ನಾನಂದೆ, “ಅಂಗಡಿ ನಾಜಿದಾ, ನಂದಾ?”

ಹಾಜಿಯ ಮಗ ಬಾಗಿಲಲ್ಲಿ ಕೂಗಾಡಿದಾಗ ಆ ಕುರ್ಚಿಯಿಂದ ನಾನು ಎದ್ದು ಇನ್ನೂ ಒಂದು ಗಳಿಗೆ ಆಗಿರಲಿಲ್ಲ.

ಮಹ್ರೂಸ್


ಪಶ್ಚಿಮ ಗಡಿ ಠಾಣೆ,
11 ಮಾರ್ಚ್ 2010

ಮಾವ,

ನಿಮ್ಮ ಕಾಗದವನ್ನು ಓದಲು ಹೊತ್ತು ಹಿಡಿಯಿತು. ನಿಮ್ಮ ಅಕ್ಷರವನ್ನು ಹಾಗೆ ನೋಡಿದ್ದು ಇದೇ ಮೊದಲು.

ಮೊದಲು ಯಂತ್ರದ ಮಾತು ಮುಗಿಸುತ್ತೇನೆ. ಅಷ್ಟು ಹಿಗ್ಗಿಸಿದ ಪರದೆಯಲ್ಲಿ, ಅಷ್ಟುದ್ದದ ಒಂದೇ ತುಂಡಿನ ಗೆರೆಗೆ ಮಸುಕು ಹಾಕಿದರೆ, ತಂತ್ರಾಂಶ ಆ ಅಗಲವನ್ನೆಲ್ಲ ಒಂದೇ ಸಲಕ್ಕೆ ಬರೆದುಕೊಡು ಅಂತ ಕಾರ್ಡಿಗೆ ಕೇಳುತ್ತದೆ. ಕಾರ್ಡಿಗೆ ಅಷ್ಟು ಜಾಗ ಇಲ್ಲ. ಆಗುವುದಿಲ್ಲ ಅಂತ ಡ್ರೈವರ್ ಹೇಳಬೇಕಿತ್ತು. ಅದು ಹೇಳದೆ ತನ್ನ ಜಾಗ ಮೀರಿ ಪಕ್ಕದವರ ಜಾಗದಲ್ಲಿ ಬರೆಯಿತು. ಪಕ್ಕದ ಜಾಗ ಕರ್ನಲ್‌ದು. ಅದಕ್ಕೇ ಎಲ್ಲವೂ ಬಿತ್ತು. ಗೆರೆಯನ್ನು ತುಂಡು ಮಾಡಿ ಎಳೆಯುವವರಿಗೆ ಇದು ಎದುರಾಗುವುದೇ ಇಲ್ಲ. ನಗ್ಲಾ ಕೈಯಲ್ಲಿ ಆ ಯಂತ್ರ ಒಮ್ಮೆಯೂ ಬಿದ್ದಿರಲಾರದು.

ಮೊದಲ ಕಾಗದದಲ್ಲೇ ಇದನ್ನು ಬರೆದಿದ್ದರೆ ನಾನು ಒಂದೇ ಉತ್ತರದಲ್ಲಿ ಮುಗಿಸುತ್ತಿದ್ದೆ. ಮಸುಕು ತೆಗೆಯಿರಿ, ಸಾದಾ ಡ್ರೈವರ್ ಹಾಕಿಕೊಳ್ಳಿ. ಅದು ಬೀಳುವುದಿಲ್ಲ.

ಉಳಿದದ್ದು ನನ್ನಿಂದ ರಿಪೇರಿ ಆಗುವುದಲ್ಲ. ನೀವು ಹೇಳಿದ್ದನ್ನೇ ನಂಬಿ ಅವಳಿಗೆ ನಾನೊಂದು ಕಾಗದ ಬರೆದೆ. ಅದರ ಒಂದೊಂದು ಸಾಲೂ ನನಗೆ ಬಾಯಿಪಾಠ ಬರುತ್ತದೆ. ಮರೆಯೋಣ ಅಂದರೆ ಆಗುತ್ತಿಲ್ಲ. ಅವಳ ಹೆಸರು ಕೆಟ್ಟದ್ದು ನಿಮ್ಮ ಬಾಗಿಲಲ್ಲಿ ಮತ್ತು ಆ ಚಹಾದಂಗಡಿಯಲ್ಲಿ. ಅಲ್ಲೇ ಸರಿಯಾಗಬೇಕು. ಅಲ್ಲಿ ನಿಮ್ಮ ಕೈಯ ಬಗ್ಗೆ ಹೇಳದೆ ಅವಳ ಕೈಯ ಬಗ್ಗೆ ಹೇಳಲು ದಾರಿ ಇದ್ದಿದ್ದರೆ ನಾನೇ ಹುಡುಕಿಕೊಡುತ್ತಿದ್ದೆ.

ಏಪ್ರಿಲ್‌ನಲ್ಲಿ ರಜೆ ಕೊಡುತ್ತಾರಂತೆ.

ನಾಜಿ


ದಮನ್‌ಹೂರ್,
30 ಮಾರ್ಚ್ 2010

ನಾಜಿ,

ಚಹಾದಂಗಡಿಗೆ ಹೋದೆ. ಶುಕ್ರವಾರ, ನಮಾಜು ಮುಗಿದು ಎಲ್ಲರೂ ಬಂದು ಕೂತಿರುವ ಹೊತ್ತು. ಬದವಿ ಇದ್ದ, ಹಾಜಿ ಅಬ್ದುಸ್ಸಮೀ ಮಗನೂ ಇದ್ದ. ಕೂರಲಿಲ್ಲ. ಕೂತರೆ ಏಳಲಾರೆ ಅಂತ ಗೊತ್ತಿತ್ತು.

ನಿಂತೇ ಹೇಳಿದೆ. “ಯಂತ್ರ ಬೀಳಿಸ್ತಿದ್ದೋನು ನಾನು. ಹಾಜಿಯವರ ಬ್ಯಾನರ್ ಹಾಳು ಮಾಡಿದ್ದೂ ನಾನು. ನನ್ನ ಕೈ ನಡುಗ್ತದೆ, ಬರೆಯೋಕಾಗಲ್ಲ. ಕದ್ದು ಮೌಸು ಹಿಡೀತಿದ್ದೆ. ಆ ಹುಡುಗೀದು ಏನೂ ತಪ್ಪಿಲ್ಲ.”

ಆಮೇಲೆ ಏನಾಯಿತು ಗೊತ್ತಾ? ನಕ್ಕರು.

ಬದವಿ ಎದ್ದು ಬಂದು ನನ್ನ ಭುಜ ತಬ್ಬಿಕೊಂಡ. “ನೋಡ್ರಯ್ಯಾ, ನೋಡಿ ಕಲೀರಿ! ಹುಡುಗಿ ಹೆಸರು ಉಳಿಸೋಕೆ ತನ್ನ ಕೈಗೇ ಮಸಿ ಬಳ್ಕೊಳ್ತಾನೆ. ಮಹ್ರೂಸ್ ಕೈ ನಡುಗ್ತದಂತೆ! ನೈಲ್ ನದಿ ಮೇಲಕ್ಕೆ ಹರೀತದೆ ಅನ್ನು, ನಂಬ್ತೀನಿ.”

“ದೊಡ್ಡ ಮನಸ್ಸು ಉಸ್ತಾದ್ರದು” ಅಂದ ಹಾಜಿಯ ಮಗ. “ಇನ್ಮೇಲೆ ನಾವೂ ಆ ಮಾತು ಎತ್ತಲ್ಲ ಬಿಡಿ. ಏಯ್, ಉಸ್ತಾದ್ರಿಗೆ ಪುದೀನಾ ಹಾಕಿ ಒಂದು ಚಹಾ!”

ಚಹಾ ಬಂತು. ನಾಜಿ, ನಿನಗೆ ಹೇಳಲೇಬೇಕು, ನಾನು ಕೂತೆ. ಒಂದು ಗುಟುಕು ಕುಡಿದೆ. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು, ಎಂಥ ಮನುಷ್ಯ ಅಂತ. ಜೀವಮಾನವಿಡೀ ಹೇಳಿದ ಸುಳ್ಳನ್ನೆಲ್ಲ ನಂಬಿದವರು ಇದೊಂದು ನಿಜವನ್ನು ನಂಬಲಿಲ್ಲ. ಅವಳ ಹೆಸರಿನ ಮಸಿ ಹಾಗೇ ಇತ್ತು, ಅದರ ಮೇಲೆ ನನ್ನ ದೊಡ್ಡತನ ಒಂದು ಬಂದು ಕೂತಿತು. ಆ ಚಹಾ ರುಚಿಯಾಗಿತ್ತು. ಅಷ್ಟಕ್ಕೇ ಎದ್ದು ಮನೆಗೆ ಹೋಗಬಹುದಿತ್ತು. ಹೋಗುವುದು ಅಂತಲೇ ಒಂದು ಗಳಿಗೆ ಅಂದುಕೊಂಡೆ.

ಆಮೇಲೆ ಬದವಿಯ ಜೇಬಿನಿಂದ ಕಲಮು ಕಿತ್ತುಕೊಂಡೆ. ಅವನು ಇವತ್ತಿಗೂ ಇಟ್ಟುಕೊಂಡಿರುತ್ತಾನೆ. ಸಿಗರೇಟ್ ಪೆಟ್ಟಿಗೆಯ ರಟ್ಟು ಹರಿದು ಬಿಡಿಸಿ, ಬಿಳಿ ಬದಿ ಮೇಲೆ ಮಾಡಿ, ಎಲ್ಲರ ನಡುವೆ ಸೀನ್ ಎಳೆದೆ. ಕಲಮು ಎತ್ತಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಎಳೆದೆ. ಕತ್ತೆ ಗಾಡಿ ಕಲ್ಲಿನ ಮೇಲೆ ಹೋದ ಹಾಗಿತ್ತು.

ಆಗ ಯಾರೂ ನಗಲಿಲ್ಲ. ಕೈ ನಿಂತ ಮೇಲೂ ಕಲಮು ರಟ್ಟಿನ ಮೇಲೆ ಟಿಕ್ ಟಿಕ್ ಅನ್ನುತ್ತಿತ್ತು. ಬದವಿ ಅದನ್ನು ನನ್ನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ರಟ್ಟನ್ನು ಮಗುಚಿಟ್ಟ. “ಸಾಕು ಮಹ್ರೂಸ್” ಅಂದ. ಹಾಜಿಯ ಮಗ ಎದ್ದು ಹೊರಗೆ ಹೋದ. ನಾನು ತಲೆ ಎತ್ತಲಿಲ್ಲ, ಅವರ ಚಪ್ಪಲಿಗಳನ್ನೇ ನೋಡುತ್ತಾ ಇದ್ದೆ.

ಅಲ್ಲಿಂದ ನೇರ ನಗ್ಲಾ ಮನೆಗೆ. ಅವಳ ತಾಯಿ ಬಾಗಿಲು ಪೂರ್ತಿ ತೆಗೆಯಲಿಲ್ಲ, ಮೆಟ್ಟಿಲ ಮೇಲೇ ನಿಂತು ಹೇಳಿದೆ. ನಗ್ಲಾ ಒಳಗಿನಿಂದ ಬಂದಳು, ಕೈಯಲ್ಲಿ ಬದನೆ ಕೊರೆಯುವ ಸಲಾಕೆ.

“ನನಗೆ ಗೊತ್ತಿತ್ತು ಉಸ್ತಾದ್” ಅಂದಳು. “ಊಟ ಮುಗಿಸಿ ಬಂದಾಗ ಕುರ್ಚಿ ಬಿಸಿ ಇರ್ತಿತ್ತು.”

“ಮತ್ತೆ ಅವತ್ತು ಬಾಗಿಲಲ್ಲಿ ಎಲ್ಲರ ಮುಂದೆ ಯಾಕಮ್ಮಾ ಹೇಳ್ಲಿಲ್ಲ? ಒಂದು ಮಾತು ಸಾಕಿತ್ತು.”

“ನೀವೇ ಹೇಳ್ತೀರಿ ಅಂದ್ಕೊಂಡೆ. ಕೀಲಿ ಇಟ್ಟು ಬೀದಿ ತುದಿವರೆಗೂ ಮೆಲ್ಲಗೇ ನಡ್ಕೊಂಡು ಹೋದೆ. ಕರೀತೀರಿ ಅಂತ.”

ಅಂಗಡಿಗೆ ಬಾ ಅಂದೆ. ಬರುವುದಿಲ್ಲ ಅಂದಳು. ಕೋಪದಿಂದಲ್ಲ. ಮಾರನೆಯ ದಿನ ಬದವಿಯೇ ಹೋಗಿ ತನ್ನಲ್ಲಿಗೆ ಕರೆದನಂತೆ. ಸಂಬಳ, ಹೊತ್ತು ಎಲ್ಲ ಅವಳೇ ಹೇಳಿ ಒಪ್ಪಿಸಿದ್ದಾಳೆ. ಭಾನುವಾರದಿಂದ ಅಲ್ಲಿ ಕೂರುತ್ತಿದ್ದಾಳೆ. ನನ್ನ ಅಂಗಡಿ ಮುಂದೆಯೇ ದಾಟಿ ಹೋಗುತ್ತಾಳೆ, ಸಲಾಂ ಅನ್ನುತ್ತಾಳೆ. ನಾನು ಉತ್ತರ ಕೊಡುವ ಹೊತ್ತಿಗೆ ಮುಂದೆ ಹೋಗಿರುತ್ತಾಳೆ.

ಬಕ್ಲಾವಾ ಹಿಡಿದು ಅವರ ಮೆಟ್ಟಿಲು ಹತ್ತುವವನು ನಾನೇ ಅಂತ ಬರೆದಿದ್ದೆ. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು. ನಾನು ಹೋದರೆ ನಿನಗೆ ಕೆಡುಕು.

ರಜೆಗೆ ಬಂದವನು ಬಸ್ಸಿಳಿದು ಮೊದಲು ಅವಳ ಮನೆಗೆ ಹೋಗು. ಆ ಕಾಗದದ ಮಾತು ಅಲ್ಲಿ ಮುಗಿಸು. ಆಮೇಲೆ ನಿನ್ನಮ್ಮನ ಹತ್ತಿರ ಹೋಗು. ನಮ್ಮ ಮನೆಗೆ ಬರಬೇಕು ಅನ್ನಿಸಿದರೆ ಬಾ. ಅನ್ನಿಸದಿದ್ದರೆ ನಿನ್ನ ಅತ್ತೆಗೆ ನಾನು ಏನೋ ಒಂದು ಹೇಳುತ್ತೇನೆ.

ಇಲ್ಲ. ಇದ್ದದ್ದನ್ನೇ ಹೇಳುತ್ತೇನೆ.

ಮಹ್ರೂಸ್